ರಾಯಚೂರಿನ ಸರ್ಕಾರಿ ಚರ್ಮದ ಓಪಿಡಿ: ಕಾಯೋದು ಜಾಸ್ತಿ, ಆದ್ರೆ ನೋಡೋದು ಚೆನ್ನಾಗಿ

ಐದಕ್ಕೆ ನಾಲ್ಕು ಸ್ಟಾರ್. ಒಂದು ಯಾಕೆ ಕಟ್ ಮಾಡಿದೆ ಅಂತ ಆಮೇಲೆ ಹೇಳುತ್ತೇನೆ. ನಾಲ್ಕು ಕೊಟ್ಟಿದ್ದು ಒಂದೇ ಕಾರಣಕ್ಕೆ, ಇಲ್ಲಿ ಮುಲಾಮು ಬರೆಯೋ ಮೊದಲು ಕಾಯಿಲೆ ಯಾವುದು ಅಂತ ಹುಡುಕಿದರು. ಕೊನೆಗೆ ಗೊತ್ತಾಗಿದ್ದು ಚರ್ಮದ ಟಿಬಿ ಅಂತ.

ಕರೆದುಕೊಂಡು ಹೋಗಿದ್ದು ನಮ್ಮ ಚಿಕ್ಕಮ್ಮನನ್ನು, ಮಾನ್ವಿ ಕಡೆಯವರು. ತೊಡೆಯ ಹಿಂದೆ ಅಂಗೈ ಅಗಲದ ಮಚ್ಚೆ. ನಡುವೆ ಚರ್ಮ ತೆಳ್ಳಗೆ, ಹಳೆ ಗಾಯದ ಕಲೆಯ ಹಾಗೆ ಬೆಳ್ಳಗಾಗಿತ್ತು. ಅಂಚು ಮಾತ್ರ ಕೆಂಪು-ಕಂದು, ಸ್ವಲ್ಪ ಉಬ್ಬಿಕೊಂಡಿತ್ತು. ಒಂದು ಕಡೆ ಮಾಯುತ್ತಾ ಇನ್ನೊಂದು ಕಡೆ ಹರಡುತ್ತಾ ಹೋಗುವುದು ಈ ಕಾಯಿಲೆಯ ಚಾಳಿಯಂತೆ. ನಮ್ಮ ಬಿಸಿಲಿಗೆ, ಬೆವರಿಗೆ ಇಲ್ಲಿ ಯಾರ ಮೈಮೇಲೆ ಏನು ಕಂಡರೂ ಗಜಕರ್ಣ ಅಂದುಬಿಡುತ್ತಾರೆ, ಊರಿನ ಮೆಡಿಕಲ್ ಶಾಪಿನವನೂ ಅದನ್ನೇ ಹೇಳಿ ಟ್ಯೂಬ್ ಮೇಲೆ ಟ್ಯೂಬ್ ಕೊಟ್ಟಿದ್ದ. ಅವುಗಳಲ್ಲಿ ಸ್ಟೆರಾಯ್ಡ್ ಬೆರೆತಿತ್ತು. ಹಚ್ಚಿದಾಗ ಕೆಂಪು ಇಳಿಯುತ್ತದೆ, ವಾಸಿ ಆಯ್ತು ಅನ್ನಿಸುತ್ತದೆ, ಒಳಗಿನ ಕ್ರಿಮಿ ಅಲ್ಲೇ ಇರುತ್ತದೆ.

ಡಾಕ್ಟರಮ್ಮ ಮೊದಲು ಕೇಳಿದ್ದು, "ಯವ್ವಾ, ಎಷ್ಟು ವರ್ಷದಿಂದ ಅದ ಇದು?" ಚಿಕ್ಕಮ್ಮ ಅಂದರು, "ನೋವಿಲ್ಲ, ತುರಿಕೆನೂ ಇಲ್ರೀ, ಅದಕ್ಕೇ ಸುಮ್ನೆ ಬಿಟ್ಟಿದ್ದೆ." ಆಮೇಲೆ ಹತ್ತಿಯಿಂದ ಸವರಿ ಸ್ಪರ್ಶ ಗೊತ್ತಾಗುತ್ತಾ ನೋಡಿದರು. ಸ್ಪರ್ಶ ಹೋಗಿದ್ದರೆ ಕುಷ್ಠ ಅಂತ ಅನುಮಾನ ಪಡಬೇಕು. ಗಾಜಿನ ಸ್ಲೈಡನ್ನು ಮಚ್ಚೆಯ ಮೇಲೆ ಒತ್ತಿ ಹಿಡಿದರು. ರಕ್ತದ ಕೆಂಪು ಸರಿದಾಗ ಕೆಳಗೆ ಹಳದಿ-ಕಂದು ಚುಕ್ಕೆಗಳು ಉಳಿದರೆ ಅದು ಚರ್ಮದ ಟಿಬಿಯ ಒಂದು ಸುಳಿವು, ಆದರೆ ನಮ್ಮಂಥ ಕಪ್ಪು ಮೈಬಣ್ಣದಲ್ಲಿ ಅದು ಸ್ಪಷ್ಟವಾಗಿ ಕಾಣೋದು ಕಡಿಮೆ. ಕುತ್ತಿಗೆ, ಕಂಕುಳು, ತೊಡೆಸಂದಿನಲ್ಲಿ ಗಡ್ಡೆ ಇದೆಯಾ ಅಂತ ಮುಟ್ಟಿ ನೋಡಿದರು. ಕೆಮ್ಮು, ಸಂಜೆ ಜ್ವರ, ತೂಕ ಇಳಿದಿದ್ದು, ಮನೆಯಲ್ಲಿ ಯಾರಿಗಾದರೂ ಟಿಬಿ ಇತ್ತಾ, ಎಲ್ಲಾ ಕೇಳಿದರು. ಚಿಕ್ಕಪ್ಪ ಹಿಂದೊಮ್ಮೆ ಟಿಬಿ ಗುಳಿಗೆ ತಿಂದಿದ್ದ ವಿಷಯ ಆಗಲೇ ಹೊರಗೆ ಬಂದಿದ್ದು. ಊರಲ್ಲಿ ಯಾರೂ ಇದನ್ನು ಕೇಳಿರಲಿಲ್ಲ ನೋಡಿ.

ಎದೆಯ ಎಕ್ಸ್-ರೇ, ಶುಗರ್, ಎಚ್‌ಐವಿ ಪರೀಕ್ಷೆ ಆಯ್ತು. ಟಿಬಿ ಕ್ರಿಮಿ ಮೈಗೆ ಹೊಕ್ಕಿದೆಯಾ ಅಂತ ನೋಡಲು ಮುಂಗೈಗೆ ಮಾಂಟೂ ಸೂಜಿ ಹಾಕಿ 48ರಿಂದ 72 ಗಂಟೆಯೊಳಗೆ ಬರಲು ಹೇಳಿದರು. ಮಾನ್ವಿಯಿಂದ ಮತ್ತೆ ಬಸ್ಸು, ಮತ್ತೆ ಬಿಸಿಲು. ಕೆಂಪಾಗಿದ್ದನ್ನಲ್ಲ, ಗಟ್ಟಿಯಾಗಿ ಉಬ್ಬಿದ್ದನ್ನು ಮಾತ್ರ ಸ್ಕೇಲ್ ಇಟ್ಟು ಅಳೆಯುತ್ತಾರೆ. ಚಿಕ್ಕಮ್ಮನದು ಚೆನ್ನಾಗಿಯೇ ಉಬ್ಬಿತ್ತು, ಆದರೆ ಇದೊಂದರಿಂದ ಏನೂ ತೀರ್ಮಾನ ಆಗೋದಿಲ್ಲ.

ನನಗೆ ತುಂಬಾ ಹಿಡಿಸಿದ್ದು ಬಯಾಪ್ಸಿ ಮಾಡಿದ ರೀತಿ. ಮರಗಟ್ಟಿಸುವ ಸೂಜಿ ಕೊಟ್ಟು, ದುಂಡನೆ ಬ್ಲೇಡಿನಿಂದ ಅಂಚಿನ ಭಾಗದಿಂದ ಎರಡು ಚಿಕ್ಕ ಚೂರು ತೆಗೆದರು. ಚೂರಿಗೊಂದು ಬಾಟಲಿ. ಒಂದರಲ್ಲಿ ಫಾರ್ಮಲಿನ್, ಇನ್ನೊಂದರಲ್ಲಿ ಬರೀ ಸಲೈನ್. ಫಾರ್ಮಲಿನ್‌ನಲ್ಲಿ ಕ್ರಿಮಿ ಸಾಯುತ್ತದೆ, ಆಮೇಲೆ ಕಲ್ಚರ್, ಅಂದರೆ ಕ್ರಿಮಿಯನ್ನು ಲ್ಯಾಬಿನಲ್ಲಿ ಬೆಳೆಸಿ ನೋಡೋದು, ಆಗೋದಿಲ್ಲ. ಕಲ್ಚರ್‌ಗೆ ಕಳಿಸೋದನ್ನು ಬೇರೆ ಬಾಟಲಿಯಲ್ಲೇ ಹಾಕಬೇಕು. ಇಷ್ಟು ಗಮನ ಇಟ್ಟು ಮಾಡುವ ಕಡೆ ನಂಬಿಕೆ ಬರುತ್ತೆ ಅಲ್ವಾ?

ಟಿಬಿ ಕ್ರಿಮಿಯ ಡಿಎನ್‌ಎ ಹುಡುಕುವ ಸಿಬಿನ್ಯಾಟ್ ಪರೀಕ್ಷೆಯ ರಿಪೋರ್ಟ್ ನೆಗೆಟಿವ್ ಬಂತು. ಮನೆಯವರೆಲ್ಲಾ ಸದ್ಯ ಬಚಾವ್ ಅಂದುಕೊಂಡರು. ಡಾಕ್ಟರಮ್ಮ ಒಪ್ಪಲಿಲ್ಲ. ಚರ್ಮದಲ್ಲಿ ಟಿಬಿ ಕ್ರಿಮಿ ಬಹಳ ಕಡಿಮೆ ಇರುತ್ತವೆ, ಪರೀಕ್ಷೆಗೆ ಸಿಗಲಿಲ್ಲ ಅಂದರೆ ಕಾಯಿಲೆ ಇಲ್ಲ ಅಂತಲ್ಲ ಅಂದರು. ಬಯಾಪ್ಸಿಯಲ್ಲಿ ಗ್ರ್ಯಾನುಲೋಮಾ ಅನ್ನುವ ಜೀವಕೋಶಗಳ ಗುಂಪು ಕಂಡಿತ್ತು. ಅದು, ಮಾಂಟೂ, ಮಚ್ಚೆಯ ಸ್ವರೂಪ, ಚಿಕ್ಕಪ್ಪನ ಹಳೆ ಟಿಬಿ, ಎಲ್ಲಾ ಕೂಡಿಸಿ ಲೂಪಸ್ ವಲ್ಗ್ಯಾರಿಸ್, ಅಂದರೆ ಚರ್ಮದ ಟಿಬಿಯ ಒಂದು ಬಗೆ, ಅಂತ ಬರೆದರು. ಕಲ್ಚರ್‌ಗೆ 6-8 ವಾರ ಬೇಕಾಗಬಹುದು, ಅಲ್ಲಿತನಕ ಕಾಯಲಿಲ್ಲ. ಮೊದಲ 2 ತಿಂಗಳು ನಾಲ್ಕು ಔಷಧಿ, ಮುಂದಿನ 4 ತಿಂಗಳು ಮೂರು. 4-6 ವಾರದಲ್ಲಿ ಮಚ್ಚೆ ಕಡಿಮೆ ಆಗದಿದ್ದರೆ ನಮ್ಮ ಲೆಕ್ಕವೇ ತಪ್ಪಿರಬಹುದು, ಮತ್ತೆ ಹುಡುಕೋಣ ಅಂತಲೂ ಹೇಳಿದರು. ಅಂಚು ಚಪ್ಪಟೆ ಆಗುತ್ತಾ ಬಂತು.

ಅದೇ ಸಾಲಿನಲ್ಲಿ ಕುತ್ತಿಗೆಯ ಗಡ್ಡೆ ಒಡೆದು ಸೋರುತ್ತಿದ್ದ ಒಬ್ಬ ಹುಡುಗ ಕೂತಿದ್ದ. ಹಳಬರು ಗಂಡಮಾಲೆ ಅನ್ನುವುದು ಇಂಥದ್ದಕ್ಕೇ. ಬರಿಗಾಲಲ್ಲಿ ಗದ್ದೆಗೆ ಇಳಿಯುವವರ ಪಾದದಲ್ಲಿ ಟಿಬಿಯೇ ನರಹುಲಿಯ ಹಾಗೆ ಒರಟಾಗಿ ಬೆಳೆಯುವುದೂ ಉಂಟು. ಒಂದು ಜಾತಿಯ ಫಂಗಸ್ ಕೂಡ ಥೇಟ್ ಹಾಗೇ ಕಾಣುತ್ತದೆ, ಬಯಾಪ್ಸಿ ಇಲ್ಲದೆ ಬೇರೆ ಮಾಡೋದು ಕಷ್ಟ.

ಮನೆಯಲ್ಲಿ ಚಿಕ್ಕಮ್ಮನ ತಟ್ಟೆ-ಲೋಟ ಬೇರೆ ಇಟ್ಟಿದ್ದರು. ಎಕ್ಸ್-ರೇಯಲ್ಲಿ ಎದೆ ಚೆನ್ನಾಗಿದೆ, ತೊಡೆ ಮೇಲಿನ ಮಚ್ಚೆಯಿಂದ ಊಟದ ತಟ್ಟೆಗೆ ಹೇಗ್ರೀ ಹತ್ತುತ್ತದೆ ಅಂತ ಡಾಕ್ಟರಮ್ಮ ಸರಿಯಾಗಿ ಬೈದರು. ಗುಳಿಗೆಯಿಂದ ಮೂತ್ರ ಕಿತ್ತಳೆ ಬಣ್ಣಕ್ಕೆ ತಿರುಗುತ್ತೆ, ಹೆದರಬೇಡಿ, ಕಣ್ಣು ಮಂಜಾದರೆ ಅಥವಾ ಹಳದಿಯಾದರೆ ತಕ್ಷಣ ಬನ್ನಿ ಅಂತ ಮೊದಲೇ ಹೇಳಿ ಕಳಿಸಿದರು. ಗುಳಿಗೆ ಉಚಿತ. ಟಿಬಿ ರೋಗಿಗಳ ಪೌಷ್ಟಿಕ ಊಟಕ್ಕೆ ಸರ್ಕಾರ ಕೊಡುವ ನಿಕ್ಷಯ್ ಪೋಷಣ್ ಯೋಜನೆಯಲ್ಲಿ ತಿಂಗಳಿಗೆ 1000 ರೂಪಾಯಿ ಬ್ಯಾಂಕಿಗೆ ಬರುತ್ತದೆ, 2024ರ ನವೆಂಬರ್‌ಗೆ ಮೊದಲು ಅದು 500 ಇತ್ತು.

ಈಗ ಕಟ್ ಮಾಡಿದ ಆ ಒಂದು ಸ್ಟಾರ್. ಹೆಂಗಸರು ತೊಡೆ ತೋರಿಸಬೇಕಾದ ಜಾಗದಲ್ಲಿ ಪರದೆ ಇರಲಿಲ್ಲ, ಕೇಳಿದ ಮೇಲೆ ಎಲ್ಲಿಂದಲೋ ತಂದು ನಿಲ್ಲಿಸಿದರು. ನಾಚಿಕೆಗೇ ವರ್ಷಗಟ್ಟಲೆ ಮುಚ್ಚಿಟ್ಟುಕೊಂಡು ಬಂದವರಿಗೆ ಮೊದಲು ಬೇಕಾಗಿದ್ದೇ ಅದು. ಟಿಬಿ ವಿಭಾಗಕ್ಕೆ ಹೋಗಲು ಒಂದು ಬಾಣದ ಗುರುತೂ ಇಲ್ಲ. ಹೋಗುವವರು ಬೆಳಿಗ್ಗೆ ಬೇಗ ಹೋಗಿ, ಆಧಾರ್, ಪಾಸ್‌ಬುಕ್ ಜೊತೆಗೆ ಇದುವರೆಗೆ ಹಚ್ಚಿದ ಟ್ಯೂಬ್‌ಗಳನ್ನೂ ಖಾಲಿಯಾಗಿದ್ದರೂ ತೆಗೆದುಕೊಂಡು ಹೋಗಿ. ಅದನ್ನೂ ಕೇಳುತ್ತಾರೆ.