ಇಲಿಯನ್ನು ತೂಗುಹಾಕೋದಾ, ಜೀವಕೋಶ ತಿರುಗಿಸೋದಾ?

ಬಾಹ್ಯಾಕಾಶದ ತೂಕವಿಲ್ಲದ ಸ್ಥಿತಿ ರೋಗನಿರೋಧಕ ಶಕ್ತಿಗೆ ಏನು ಮಾಡುತ್ತದೆ ಅಂತ ನೆಲದ ಮೇಲೇ ನೋಡಬೇಕಾ? ಮುಖ್ಯವಾಗಿ ಎರಡು ದಾರಿಗಳಿವೆ.

ಮೊದಲನೆಯದು 1970ರ ದಶಕದಲ್ಲಿ ನಾಸಾದ ಏಮ್ಸ್ ಕೇಂದ್ರದಲ್ಲಿ ರೂಪುಗೊಂಡದ್ದು. ಇಲಿಯ ಬಾಲಕ್ಕೆ ಪಟ್ಟಿ ಅಂಟಿಸಿ, ಪಂಜರದ ಮೇಲಿನ ಕಂಬಿಗೆ ಸಿಕ್ಕಿಸುತ್ತಾರೆ. ಮೈ ತಲೆಯ ಕಡೆಗೆ ಸುಮಾರು 30 ಡಿಗ್ರಿ ಬಾಗುತ್ತದೆ. ಹಿಂಗಾಲು ನೆಲ ಮುಟ್ಟೋದಿಲ್ಲ, ಮುಂಗಾಲಲ್ಲೇ ಓಡಾಡಿ ತಿನ್ನುತ್ತದೆ. ಬಾಹ್ಯಾಕಾಶದಲ್ಲಿ ಆಗುವಂತೆಯೇ ದೇಹದ ದ್ರವ ತಲೆಯತ್ತ ಸರಿಯುತ್ತದೆ. ರೋಗನಿರೋಧಕ ಕೋಶಗಳು ಬೆಳೆಯುವ ಥೈಮಸ್ ಗ್ರಂಥಿ, ರಕ್ತ ಸೋಸುವ ಗುಲ್ಮ ಕುಗ್ಗಿದ್ದು ಹಲವು ಪ್ರಯೋಗಗಳಲ್ಲಿ ಕಂಡಿದೆ. ತೊಡಕು ಇರೋದು ಇಲ್ಲೇ: ಸುಮ್ನೆ ಒತ್ತಡದಿಂದಲೂ ಕಾರ್ಟಿಕೊಸ್ಟೆರಾನ್ ಎಂಬ ಒತ್ತಡದ ಹಾರ್ಮೋನು ಏರಿ ಥೈಮಸ್ ಕುಗ್ಗುತ್ತದೆ, ಅಲ್ವಾ? ಹಾಗಾಗಿ ಹೋಲಿಕೆಗೆ, ಬಾಲಕ್ಕೆ ಪಟ್ಟಿ ಕಟ್ಟಿಯೂ ನಾಲ್ಕೂ ಕಾಲು ನೆಲದ ಮೇಲಿರುವ ಇಲಿಗಳ ಗುಂಪೊಂದು ಬೇಕೇ ಬೇಕು. ಅದಿಲ್ಲದ ಫಲಿತಾಂಶವನ್ನು ನಾನಂತೂ ನಂಬೋದಿಲ್ಲ.

ಎರಡನೆಯದರಲ್ಲಿ ಪ್ರಾಣಿಯಿಂದ ತೆಗೆದ ಜೀವಕೋಶಗಳನ್ನು ಕ್ಲೈನೊಸ್ಟಾಟ್‌ನಲ್ಲಿ, ಅಂದರೆ ಗುರುತ್ವ ಒಂದೇ ದಿಕ್ಕಿಗೆ ಎಳೆಯದಂತೆ ಸುತ್ತುತ್ತಲೇ ಇರುವ ಯಂತ್ರದಲ್ಲಿ, ತಿರುಗಿಸುತ್ತಾರೆ. ಖರ್ಚು ಕಡಿಮೆ, ಕೆಲಸ ಬೇಗ. ಟಿ ಕೋಶಗಳು (ಸೋಂಕಿನ ವಿರುದ್ಧ ಹೋರಾಡುವ ಒಂದು ಬಗೆಯ ಬಿಳಿ ರಕ್ತಕಣಗಳು) ಎಚ್ಚೆತ್ತುಕೊಳ್ಳೋದು ಹೇಗೆ ಕುಂದುತ್ತದೆ ಅನ್ನೋದಷ್ಟೇ ಪ್ರಶ್ನೆಯಾದರೆ ಇದನ್ನೇ ಆರಿಸಿಕೊಳ್ಳಿ. 1983ರಲ್ಲಿ ಬಾಹ್ಯಾಕಾಶ ನೌಕೆಯೊಳಗಿನ ಪ್ರಯೋಗಾಲಯ ಸ್ಪೇಸ್‌ಲ್ಯಾಬ್-1ರಲ್ಲಿ ಕಳಿಸಿದ್ದ, ಮನುಷ್ಯರಿಂದ ತೆಗೆದ ಬಿಳಿ ರಕ್ತಕಣಗಳಲ್ಲೂ ಈ ಕುಸಿತ ಕಂಡಿತ್ತು. ಆದರೆ ಇಲ್ಲಿ ರಕ್ತದ ಹರಿವಿಲ್ಲ, ಹಾರ್ಮೋನುಗಳ ಏರಿಳಿತವಿಲ್ಲ. ಸೋಂಕು ತಗುಲಿದ ಇಡೀ ದೇಹ ಹೇಗೆ ಹೋರಾಡುತ್ತದೆ ಅಂತ ತಿಳಿಯಬೇಕಾದರೆ ಇಲಿಯೇ ಬೇಕು.