ಡೆಟ್ರಾಯಿಟ್ 8ವಿ-71: ಬ್ಲೋವರ್ ನೋಡದೆ ದುಡ್ಡು ಕೊಡಬೇಡಿ

ಟೆಕ್ಸಾಸ್‌ನಲ್ಲಿ ನನ್ನ ಗೆಳೆಯನ ಹತ್ತಿರ ಒಂದು ಹಳೇ ಟ್ರಕ್ ಇದೆ. ಅದರಲ್ಲಿರುವುದು ಡೆಟ್ರಾಯಿಟ್ ಡೀಸೆಲ್ 8ವಿ-71 ಎಂಜಿನ್. ಎರಡು ವರ್ಷದಿಂದ ನಮ್ಮಿಬ್ಬರ ಭಾನುವಾರಗಳೆಲ್ಲ ಅದಕ್ಕೇ ಹೋಗಿವೆ. ಐದಕ್ಕೆ ನಾಲ್ಕು ಸ್ಟಾರ್ ಕೊಡ್ತೀನಿ.

ಮೊದಲು ಶಬ್ದ. ಟೂ-ಸ್ಟ್ರೋಕ್ ಅಲ್ವಾ, ಕ್ರ್ಯಾಂಕ್ ಒಂದು ಸುತ್ತು ಹಾಕುವಷ್ಟರಲ್ಲಿ ಎಂಟೂ ಸಿಲಿಂಡರ್ ಒಮ್ಮೆ ಉರಿದಿರುತ್ತವೆ (ಫೋರ್-ಸ್ಟ್ರೋಕ್‌ನಲ್ಲಿ ಅದಕ್ಕೆ ಎರಡು ಸುತ್ತು ಬೇಕು), ಹಾಗಾಗಿ ಆರ್‌ಪಿಎಂ ಮೀಟರ್ 2100 ತೋರಿಸಿದರೂ ಕಿವಿಗೆ 4200 ಅನ್ನಿಸುತ್ತದೆ. ಅಲ್ಲಿನ ಡ್ರೈವರ್‌ಗಳು 'ಸ್ಕ್ರೀಮಿಂಗ್ ಜಿಮ್ಮಿ' (ಕಿರುಚುವ ಜಿಎಂ) ಅಂತ ಕರೆದದ್ದು ಸುಮ್ನೆ ಅಲ್ಲ. ಜನರಲ್ ಮೋಟಾರ್ಸ್ ಈ 71 ಸರಣಿ ಶುರು ಮಾಡಿದ್ದು 1938ರಲ್ಲಿ. ಒಂದು ಸಿಲಿಂಡರ್‌ಗೆ 71 ಘನ ಇಂಚು, ಅದೇ ಹೆಸರಾಯಿತು. ಎಂಟು ಸೇರಿದರೆ ಸುಮಾರು 9.3 ಲೀಟರ್. ನಮ್ಮದು 318 ಅಶ್ವಶಕ್ತಿಯದು. ಆರ್‌ಪಿಎಂ ಇಳಿಯಲು ಬಿಟ್ಟರೆ ಏರಿನಲ್ಲಿ ಕೈ ಕೊಡುತ್ತದೆ, ಗೇರ್ ಬದಲಿಸುತ್ತಾ ಕಿರುಚಿಸುತ್ತಲೇ ಓಡಿಸಬೇಕು.

ಈಗ ಮುಖ್ಯ ವಿಷಯ. ವಿ ಆಕಾರದಲ್ಲಿರುವ ಎರಡು ಸಾಲು ಸಿಲಿಂಡರ್‌ಗಳ ನಡುವೆ ಕೂತಿರುವ ಬ್ಲೋವರ್, ಅಂದರೆ ಗಾಳಿ ತಳ್ಳುವ ಪಂಪು, ನೋಡಿ ಎಲ್ಲರೂ "ಓಹೋ, ಸೂಪರ್‌ಚಾರ್ಜರ್" ಅಂತಾರೆ, ಅಂದರೆ ಶಕ್ತಿ ಹೆಚ್ಚಿಸಲು ಗಾಳಿ ತುರುಕುವ ಸಾಧನ. ಹಳೇ ಕಾರನ್ನು ರೇಸಿಗೆ ಬದಲಿಸುವ ಹಾಟ್‌ರಾಡ್ ಹುಡುಗರು ಇದೇ ಸರಣಿಯ ಆರು ಸಿಲಿಂಡರಿನ 6-71ರ ಬ್ಲೋವರ್ ಬಿಚ್ಚಿ ಪೆಟ್ರೋಲ್ ಕಾರಿಗೆ ಹಾಕಿದ್ದರಿಂದ ಬಂದ ಮಾತು ಅದು. ಇಲ್ಲಿ ಅದರ ಕೆಲಸವೇ ಬೇರೆ. ನಮ್ಮ ಮೈಸೂರಿನ ಯೆಜ್ಡಿ ಬೈಕ್ ನೆನಪಿದೆಯಾ? ಅದೂ ಟೂ-ಸ್ಟ್ರೋಕೇ, ಆದರೆ ಅದರಲ್ಲಿ ಪಿಸ್ಟನ್ ಕೆಳಗಿನ ಕ್ರ್ಯಾಂಕ್‌ಕೇಸೇ ಪಂಪಿನ ಕೆಲಸ ಮಾಡುತ್ತಿತ್ತು. ಈ ಡೀಸೆಲ್‌ನಲ್ಲಿ ಕ್ರ್ಯಾಂಕ್‌ಕೇಸ್ ತುಂಬ ಆಯಿಲ್, ಗಾಳಿ ಎಳೆದುಕೊಳ್ಳುವ ಸ್ಟ್ರೋಕೂ ಇಲ್ಲ. ಪಿಸ್ಟನ್ ಕೆಳಗಿಳಿದು ಲೈನರಿನ (ಸಿಲಿಂಡರಿನ ಒಳಗೋಡೆಯ) ತೂತುಗಳು ತೆರೆದಾಗ ಬ್ಲೋವರ್ ಗಾಳಿ ನುಗ್ಗಿಸಿ, ಹೊಗೆಯನ್ನು ಹೆಡ್ಡಿನ ವಾಲ್ವ್‌ಗಳ ಮೂಲಕ ಹೊರಗೆ ತಳ್ಳುತ್ತದೆ. ಬ್ಲೋವರ್ ಇಲ್ಲದಿದ್ದರೆ ಎಂಜಿನ್ ಸ್ಟಾರ್ಟೇ ಆಗಲ್ಲ.

ನಮ್ಮ ಬ್ಲೋವರನ್ನು ಒಂದು ಗ್ಯಾರೇಜಿಗೆ ಕೊಟ್ಟಿದ್ದೆವು, ಹೆಸರು ಬೇಡ. ವಾಪಸ್ ಬಂದ ದಿನವೇ ನೀಲಿ ಹೊಗೆ. ಗಾಳಿ ಒಳಗೆ ಹೋಗುವ ಹೌಸಿಂಗ್ ತೆಗೆದು, ಜಾಲರಿ ಹಾಗೇ ಬಿಟ್ಟು, ಎಂಜಿನ್ ಐಡಲ್‌ನಲ್ಲಿಟ್ಟು ಟಾರ್ಚ್ ಹಾಕಿದೆವು. ಬ್ಲೋವರಿನೊಳಗೆ ತಿರುಗುವ ರೋಟರ್ ತುದಿಯ ತಟ್ಟೆಯ ಮೇಲೆ, ಶಾಫ್ಟಿನ ಸುತ್ತ ಆಯಿಲ್ ಗೆರೆಗೆರೆಯಾಗಿ ಹರಡಿತ್ತು. ಆಯಿಲ್ ತಡೆಯುವ ಸೀಲ್ ಸರಿಯಾಗಿ ಕೂರಿಸಿಯೇ ಇರಲಿಲ್ಲ. ನೀವು ಕೊಳ್ಳುವ ಮೊದಲು ಇದನ್ನೇ ನೋಡಿ, ಬೆರಳು ಮಾತ್ರ ದೂರ ಇರಲಿ. ಅಲ್ಲಿ ಸೋರುವ ಆಯಿಲ್ ಜಾಸ್ತಿಯಾದರೆ ಎಂಜಿನ್ ಅದನ್ನೇ ಸುಟ್ಟು ಹುಚ್ಚು ಹಿಡಿದಂತೆ ಓಡಬಹುದು, ಡೀಸೆಲ್ ನಿಲ್ಲಿಸಿದರೂ ನಿಲ್ಲಲ್ಲ. ಗಾಳಿ ಮುಚ್ಚುವ ತುರ್ತು ಫ್ಲಾಪ್ ಇರುವುದು ಅದಕ್ಕೇ. ದಿನಾ ಅದರಿಂದಲೇ ಆಫ್ ಮಾಡಿದರೆ ಎಳೆತಕ್ಕೆ ಸೀಲ್ ದಾಟಿ ಆಯಿಲ್ ಒಳಗೆ ಬರುತ್ತದೆ, ಆ ಚಾಳಿ ಬೇಡ.

ಆಯಿಲ್ 40 ಗ್ರೇಡ್ ಒಂದೇ ಹಾಕಿ, ಮಲ್ಟಿಗ್ರೇಡ್ ಬೇಡ. ಬ್ಲೋವರ್ ಗಾಳಿ ತುಂಬುವ ಏರ್‌ಬಾಕ್ಸಿನ ಪೈಪಿನಿಂದ ಕಪ್ಪು ಹನಿ ಬೀಳುತ್ತಲೇ ಇರುತ್ತದೆ, ಅದು ಇರೋದೇ ಹಾಗೆ, ಗಾಬರಿಯಾಗಬೇಡಿ. ನಮ್ಮ ಟ್ರಕ್ಕಿನ ಕೆಳಗೆ ಒಂದು ಹಳೇ ಬಿಸ್ಕತ್ ಡಬ್ಬಿ ಖಾಯಂ ಆಗಿದೆ.