ವೆಟ್ ಲೆಗ್: ಮೊದಲ ಎಲ್‌ಪಿಯೋ, ಹೊಸದೋ?

ವಿನೈಲ್ ರೆಕಾರ್ಡ್ (ಎಲ್‌ಪಿ) ಅಗ್ಗದ್ದಲ್ಲ. ಇಂಗ್ಲೆಂಡಿನ ರಾಕ್ ತಂಡ ವೆಟ್ ಲೆಗ್‌ನ ಎರಡು ಆಲ್ಬಮ್‌ಗಳಲ್ಲಿ ಒಂದನ್ನೇ ಕೊಳ್ಳುವುದಾದರೆ ನನ್ನ ಮತ 2025ರ ಜುಲೈಯಲ್ಲಿ ಬಂದ ‘ಮಾಯಿಶ್ಚರೈಸರ್’ಗೆ.

2022ರ ಮೊದಲನೆಯದು ಐಲ್ ಆಫ್ ವೈಟ್ ದ್ವೀಪದ ಗೆಳತಿಯರಾದ ರಿಯಾನ್ ಟೀಸ್‌ಡೇಲ್ ಮತ್ತು ಹೆಸ್ಟರ್ ಚೇಂಬರ್ಸ್ ಅವರಿಗೆ ಗ್ರ್ಯಾಮಿ ತಂದುಕೊಟ್ಟ ಆಲ್ಬಮ್. ತಾವು ನಗದೆ ಕೇಳುವವರನ್ನು ನಗಿಸುವ ಕಲೆ ಅವರದು. ‘ಶೇಜ್ ಲಾಂಗ್’ನಲ್ಲಿ ಟೀಸ್‌ಡೇಲ್ ಹಾಡುವುದಕ್ಕಿಂತ ಮಾತನಾಡುವುದೇ ಹೆಚ್ಚು. ‘ಉರ್ ಮಮ್’ನಲ್ಲಿ ಮಾಜಿ ಪ್ರಿಯಕರನ ಮೇಲಿನ ಸಿಟ್ಟು ಏರುತ್ತಾ ಹೋಗಿ ಉದ್ದನೆಯ ಕಿರುಚಾಟವಾಗಿ ಸಿಡಿಯುತ್ತದೆ, ಆ ಗಳಿಗೆಗೇ ದುಡ್ಡು ವಸೂಲಾಗುತ್ತದೆ.

ಹೊಸದರಲ್ಲಿ ಜೋಡಿ ಹೋಗಿ ಐವರ ತಂಡವಾಗಿದೆ, ಅದು ಕಿವಿಗೂ ತಿಳಿಯುತ್ತದೆ. ‘ಕ್ಯಾಚ್ ದೀಸ್ ಫಿಸ್ಟ್ಸ್’ನ ಬೇಸ್ ಮತ್ತು ಡ್ರಮ್ ಎದೆಗೇ ಬಡಿಯುತ್ತವೆ. ಚುಚ್ಚುಮಾತು ಮೊಂಡಾಗಿಲ್ಲ, ಜೊತೆಗೆ ಸಂಕೋಚವಿಲ್ಲದ ಪ್ರೇಮಗೀತೆಗಳೂ ಸೇರಿವೆ. ನನ್ನನ್ನು ಗೆದ್ದದ್ದು ಆ ಧೈರ್ಯವೇ.

ಎರಡರ ನಿರ್ಮಾಣದಲ್ಲೂ ಡಾನ್ ಕ್ಯಾರಿ ಇದ್ದಾರೆ. ಎರಡರಲ್ಲೂ 12 ಹಾಡು, ಒಟ್ಟು 40 ನಿಮಿಷದೊಳಗೆ. ರೆಕಾರ್ಡಿನ ಮುಖವೊಂದಕ್ಕೆ ಇಪ್ಪತ್ತು ನಿಮಿಷವೂ ಆಗದ ಕಾರಣ ಗೆರೆಗಳನ್ನು ಇಕ್ಕಟ್ಟಾಗಿ ಕೊರೆಯಬೇಕಿಲ್ಲ, ದನಿ ಗಟ್ಟಿಯಾಗಿ ಬರಲು ಜಾಗವಿದೆ. ಆದರೆ ನಿಮ್ಮದು ಒಳಗೇ ಪುಟ್ಟ ಸ್ಪೀಕರ್ ಇರುವ ಪೆಟ್ಟಿಗೆ ಪ್ಲೇಯರ್ ಆಗಿದ್ದರೆ ಹೊಸದರ ಬೇಸ್ ಅದರಲ್ಲಿ ಸೊರಗುತ್ತದೆ. ಆಗ ತೆಳು ಗಿಟಾರಿನ ಮೊದಲನೆಯದನ್ನೇ ಕೊಳ್ಳಿ.